ಅಜ್ಜ ಕೇಳಿಸಿಕೊಂಡ ‘ವಜಾ’

1970ರ ದಶಕದ ಮಾತು. ನಮ್ಮಜ್ಜ ಎರಡೆಕರೆ ಹೊಲಕ್ಕಾಗಿ ದಾವೆ ಹೂಡಿದ್ದ. ತೀರ್ಪಿನ ದಿನ ವಕೀಲರ ಗುಮಾಸ್ತ ಹೊರಗೆ ಬಂದು, ‘ದಾವಾ ವಜಾ ಆತ್ರಿ, ಯಜಮಾನ್ರ’ ಎಂದನಂತೆ. ಅಜ್ಜ ನಿರಾಳವಾಗಿ ಊರಿಗೆ ಮರಳಿದ. ಅವನಿಗೆ ಗೊತ್ತಿದ್ದ ವಜಾ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ್ದು. ಅಲ್ಲಿ ವಜಾ ಎಂದರೆ ಬಾಕಿಯಿಂದ ಕಳೆದದ್ದು. ಹಾಗೆಯೇ ತಂಟೆಯೂ ಕಳೆಯಿತೆಂದು ಅವನು ತಿಳಿದ. ಎದುರಿನವರು ಹೊಲಕ್ಕೆ ನೇಗಿಲು ತಂದಾಗಲೇ ಸೋತದ್ದು ಗೊತ್ತಾಯಿತು. ಅಷ್ಟರಲ್ಲಿ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸುವ 30 ದಿನಗಳ ಅವಧಿ ಮುಗಿದಿತ್ತು. ತಡವಾದದ್ದಕ್ಕೆ ಕಾರಣ ಕೊಟ್ಟು ಮನ್ನಿಸಿ ಎಂದು ಕೇಳಲು ಕಾನೂನಿನಲ್ಲಿ ದಾರಿಯಿದೆ ಎಂದು ಅವನಿಗೆ ಯಾರೂ ಹೇಳಲಿಲ್ಲ.

ಅಜ್ಜಿ ಹೇಳುತ್ತಿದ್ದ ಈ ಕತೆಯೇ ನನ್ನನ್ನು ಕಚೇರಿಯ ಪದಗಳ ಸಂಶೋಧನೆಗೆ ಎಳೆದು ತಂದಿತು. ವಜಾ ಅರಬ್ಬಿ ಮೂಲದ ಪದ; ಮೂಲದಲ್ಲಿ ಅದಕ್ಕೆ ‘ಇಡು’, ‘ಕೆಳಗಿಳಿಸು’ ಎಂಬ ಅರ್ಥಗಳಿವೆ. ಪಾರಸಿಯಲ್ಲಿ ನಡೆಯುತ್ತಿದ್ದ ಕಚೇರಿ ವ್ಯವಹಾರದ ಜೊತೆ ಅದು ನಮ್ಮ ಭಾಷೆಗಳಿಗೆ ಬಂತು. ಮರಾಠಿಯಲ್ಲಿ ಇಂದಿಗೂ ‘ವಜಾಬಾಕಿ’ ಎಂದರೆ ಕಳೆಯುವ ಲೆಕ್ಕ. ಕನ್ನಡದಲ್ಲಿ ಸಂಬಳದಿಂದ ಹಣ ವಜಾ ಆಗುತ್ತದೆ, ನೌಕರಿಯಿಂದ ಮನುಷ್ಯ ವಜಾ ಆಗುತ್ತಾನೆ, ನ್ಯಾಯಾಲಯದಲ್ಲಿ ದಾವೆಯೂ ವಜಾ ಆಗುತ್ತದೆ. ಅಂದರೆ ಅಜ್ಜನ ಅರ್ಥ ತಪ್ಪಾಗಿರಲಿಲ್ಲ; ಅದು ಅಂಗಡಿಯದಾಗಿತ್ತು, ಅಷ್ಟೆ.

‘ಖುಲಾಸೆ’ಯ ಕತೆಯೂ ಹೀಗೆಯೇ. ಅರಬ್ಬಿಯಲ್ಲಿ ಅದು ಸಾರಾಂಶ, ಹಿಂದಿ ಪತ್ರಿಕೆಗಳಲ್ಲಿ ಗುಟ್ಟು ಬಯಲಾಗುವುದು, ಕನ್ನಡದಲ್ಲಿ ಆರೋಪದಿಂದ ಬಿಡುಗಡೆ.

1837ರ ಕಾಯ್ದೆಯೊಂದು ಕಂಪನಿಯ ನ್ಯಾಯಾಲಯಗಳಲ್ಲಿ ಪಾರಸಿಯ ಕಡ್ಡಾಯವನ್ನು ಕೈಬಿಡಲು ದಾರಿ ಮಾಡಿತು. ಭಾಷೆ ಹೋಯಿತು, ಪದಗಳು ಉಳಿದವು. 1855ರಲ್ಲಿ ಎಚ್. ಎಚ್. ವಿಲ್ಸನ್ ನ್ಯಾಯಾಂಗ ಮತ್ತು ಕಂದಾಯ ಪದಗಳ ದೊಡ್ಡ ಕೋಶವನ್ನೇ ಪ್ರಕಟಿಸಿದ. ಅದರಲ್ಲಿ ಅರಬ್ಬಿ, ಪಾರಸಿ ಪದಗಳ ಜೊತೆಗೆ ಕನ್ನಡದವೂ ಇವೆ. ಆದರೆ ವಿವರಣೆಯೆಲ್ಲ ಇಂಗ್ಲಿಷಿನಲ್ಲಿ. ನೆಲದ ಮಾತು ತಿಳಿಯದ ಅಧಿಕಾರಿಗೆ ಅದು ನೆರವಾಯಿತು. ಕಚೇರಿಯ ಮಾತು ತಿಳಿಯದ ರೈತನ ಕೈಗೆ ಅಂಥದೊಂದು ಪುಸ್ತಕವನ್ನು ಯಾರೂ ಇಡಲಿಲ್ಲ.

ಹಳೆಯ ಪದ ತೆಗೆದು ಸಂಸ್ಕೃತದ್ದೊಂದನ್ನು ಕೂರಿಸಿದರೆ ಸಾಕು ಎನ್ನುವವರಿದ್ದಾರೆ. ‘ದಾವೆ ತಿರಸ್ಕೃತವಾಗಿದೆ’ ಎಂದಿದ್ದರೂ ಮುಂದೇನು ಮಾಡಬೇಕೆಂದು ಅಜ್ಜನಿಗೆ ತಿಳಿಯುತ್ತಿರಲಿಲ್ಲ. ಅವನಿಗೆ ಬೇಕಿದ್ದದ್ದು ಎರಡೇ ವಾಕ್ಯ: ‘ನೀವು ಸೋತಿರಿ. 30 ದಿನದೊಳಗೆ ಮೇಲಿನ ಕೋರ್ಟಿಗೆ ಹೋಗಬಹುದು.’