ಎಳೆ ಎಣಿಸಿದವರ ಚರಿತ್ರೆ

ಮೆಟ್ಟೂರು ಅಣೆಕಟ್ಟು 1934ರಲ್ಲಿ ಮುಗಿದಾಗ ಕಾವೇರಿ ದಡದ ಎಷ್ಟೋ ಹಳ್ಳಿಗಳು ನೀರಿನಡಿಗೆ ಹೋದವು. ನೀರು ತೀರಾ ಇಳಿದ ವರ್ಷಗಳಲ್ಲಿ ನಮ್ಮ ಕೊಳತ್ತೂರಿನ ಹತ್ತಿರ ಪಣ್ಣವಾಡಿ ಕಡೆ ಹಳೆಯ ನಂದಿ, ಚರ್ಚಿನ ಗೋಪುರ ಈಗಲೂ ಮೇಲೆ ಕಾಣಿಸುತ್ತವೆ. ಕಲ್ಲು, ಗಾರೆ ಉಳಿದವು. ಆ ಊರಿನ ಹೆಂಗಸರು ಉಟ್ಟ ಸೀರೆ, ಮಗುವಿಗೆ ಹೊಲಿದ ಕುಲಾವಿ? ಒಂದೂ ಇಲ್ಲ. ನಮ್ಮ ಚರಿತ್ರೆ ಪುಸ್ತಕಗಳಲ್ಲಿ ಶಾಸನಕ್ಕೆ ಒಂದು ಪಾಠ ಇರುತ್ತದೆ, ಸೂಜಿಗೆ ಅರ್ಧ ಪುಟವೂ ಇರುವುದಿಲ್ಲ. ಈ ಸಲ ಆ ಅರ್ಧ ಪುಟವನ್ನು ಬರೆಯೋಣ ಅನ್ನಿಸಿತು.

ಮೊದಲು ಹೆಸರಿನಿಂದ ಶುರು ಮಾಡೋಣ. ಇಲ್ಲಿನ ತಮಿಳಿನಲ್ಲಿ ಈ ಕೆಲಸಕ್ಕೆ ಪೂತ್ತೈಯಲ್ ಅನ್ನುತ್ತಾರೆ, ಅಂದರೆ ಹೂವಿನ ಹೊಲಿಗೆ. ಕನ್ನಡದಲ್ಲಿ ಕಸೂತಿ. ಕೈ ಮತ್ತು ಸೂತಿ (ನೂಲು) ಸೇರಿ ಕಸೂತಿ ಆಯಿತು ಎಂದು ಕೆಲವರು ಹೇಳುತ್ತಾರೆ. ಪರ್ಷಿಯನ್ನಿನ ಕಶೀದಾ ಪದಕ್ಕೆ ಜೋಡಿಸುವವರೂ ಇದ್ದಾರೆ. ಹೆಸರು ಎಲ್ಲಿಂದಲೇ ಬರಲಿ, ಧಾರವಾಡ ಸೀಮೆಯ ಮನೆಗಳಲ್ಲಿ ಅದು ತಾಯಿಯಿಂದ ಮಗಳಿಗೆ ಬಂದ ವಿದ್ಯೆ. ಮದುವೆಗೆ ಕೊಡುವ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ, ಇಳಕಲ್ ಸೀರೆಯ ಸೆರಗಿನ ಮೇಲೆ, ಕುಪ್ಪಸದ ಕಣದ ಮೇಲೆ ಗೋಪುರ, ತೇರು, ತುಳಸಿ ಕಟ್ಟೆ, ಆನೆ ಅಂಬಾರಿ, ನವಿಲು ಇವೆಲ್ಲ ಮೂಡುತ್ತಿದ್ದವು. ಕಲ್ಲಿನ ಗುಡಿಯನ್ನು ನೋಡಿಬಂದ ಹೆಂಗಸು ಮನೆಯಲ್ಲಿ ಅದನ್ನೇ ನೂಲಿನಲ್ಲಿ ಕಟ್ಟುತ್ತಿದ್ದಳು!

ಕಸೂತಿಯಲ್ಲಿ ಮುಖ್ಯವಾಗಿ ನಾಲ್ಕು ಹೊಲಿಗೆಗಳು. ಗವಂತಿ, ಮುರ್ಗಿ, ನೇಗಿ, ಮೆಂತೆ. ಗವಂತಿಯಲ್ಲಿ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತಾ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂದು ಬಿಟ್ಟ ಜಾಗವನ್ನು ತುಂಬಬೇಕು. ಮುರ್ಗಿ ಮೆಟ್ಟಿಲಿನ ಹಾಗೆ ಏರುತ್ತದೆ. ನೇಗಿ ನೋಡಿದರೆ ನೇಯ್ದ ಹಾಗೇ ಇರುತ್ತದೆ. ಮೆಂತೆ ಅಂದರೆ ನಾವು ಈಗ ಕ್ರಾಸ್ ಸ್ಟಿಚ್ ಅನ್ನುವುದೇ, ಮೆಂತ್ಯದ ಕಾಳಿನಂತೆ ಕಾಣುವ ಗುಣಾಕಾರ ಚಿಹ್ನೆ. ಬಟ್ಟೆಯ ಮೇಲೆ ಪೆನ್ಸಿಲ್ ಗುರುತು ಇಲ್ಲ, ದಾರಕ್ಕೆ ಗಂಟು ಇಲ್ಲ. ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗವಂತಿ, ಮುರ್ಗಿ ಸರಿಯಾಗಿ ಬಂದರೆ ಹಿಂದೆ ಮುಂದೆ ಎರಡೂ ಕಡೆ ಒಂದೇ ಚಿತ್ರ. ಒಂದು ಎಳೆ ತಪ್ಪಿದರೆ ನವಿಲಿನ ಕೊಕ್ಕು ಕತ್ತಿಗೆ ಹೋಗುತ್ತದೆ, ಬಿಚ್ಚಿ ಮತ್ತೆ ಹೊಲಿಯಬೇಕು. ಅಕ್ಷರ ಕಲಿಯದ ಅಜ್ಜಿಯರ ತಲೆಯಲ್ಲಿ ಇಷ್ಟೊಂದು ಲೆಕ್ಕ ಇತ್ತು ಎಂದರೆ ಗಣಿತ ಹೇಳಿಕೊಡುವವರು ಸ್ವಲ್ಪ ಯೋಚಿಸಬೇಕು.

ಕುತೂಹಲದ ಸಂಗತಿ ಎಂದರೆ ನಮ್ಮ ಗವಂತಿಯಂಥದೇ ಹೊಲಿಗೆಗೆ ಯೂರೋಪಿನಲ್ಲಿ ಹೋಲ್ಬೈನ್ ಸ್ಟಿಚ್ ಎಂದು ಹೆಸರು. 1543ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಚಿತ್ರಕಾರ ಹೋಲ್ಬೈನ್ ಬರೆದ ಭಾವಚಿತ್ರಗಳ ಕಾಲರು, ತೋಳುಗಳಲ್ಲಿ ಅದು ಕಾಣುತ್ತದೆ. ಅಲ್ಲಿ ಹೊಲಿದವಳ ಹೆಸರು ಹೋಗಿ ಚಿತ್ರ ಬರೆದವನ ಹೆಸರು ಉಳಿಯಿತು. ನಮ್ಮಲ್ಲಿ ಯಾರ ಹೆಸರೂ ಉಳಿಯಲಿಲ್ಲ. ಧಾರವಾಡದ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದ್ದು 2006ರಲ್ಲಿ.

"ಅದೆಲ್ಲ ಧಾರವಾಡದ ಕಥೆ ಆಯಿತು, ನಮ್ಮ ಸೇಲಂ ಧರ್ಮಪುರಿಗೂ ಇದಕ್ಕೂ ಏನು ಸಂಬಂಧ?" ಎಂದು ನೀವು ಕೇಳಬಹುದು. ಸಂಬಂಧ ಇದೆ, ಆದರೆ ಅದು ಲಂಬಾಣಿಗರ ಎತ್ತುಗಳ ಮೇಲೆ ಬಂದದ್ದು.

ಈ ಭಾಗ 1792ರವರೆಗೆ ಮೈಸೂರಿನದು. ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಬಾರಾಮಹಲನ್ನೂ ಸೇಲಂ ಸೀಮೆಯನ್ನೂ ಕಂಪನಿಗೆ ಬಿಟ್ಟುಕೊಟ್ಟ. ಆ ಯುದ್ಧದಲ್ಲಿ ಕಾರ್ನ್‌ವಾಲೀಸನ ಸೈನ್ಯಕ್ಕೆ ದವಸ ಹೊತ್ತು ತಂದವರಲ್ಲಿ ಬಂಜಾರರು ಮುಖ್ಯರು. ಕನ್ನಡದಲ್ಲಿ ಲಂಬಾಣಿ, ಇಲ್ಲಿ ಲಂಬಾಡಿ ಎಂದು ಕರೆಯುವುದು ಅವರನ್ನೇ. ಉಪ್ಪು, ಧಾನ್ಯ ಹೇರಿದ ಎತ್ತುಗಳ ಸಾಲಿನೊಂದಿಗೆ ದೇಶವೆಲ್ಲ ಸುತ್ತಿದವರು. ರೈಲು ಬಂದ ಮೇಲೆ ಆ ಕಸುಬು ಹೋಯಿತು. ತಾಂಡಾ ಕಟ್ಟಿಕೊಂಡು ಕೂಲಿ, ಬೇಸಾಯಕ್ಕೆ ನಿಂತರು. ಮನೆ, ಹೊಲ, ಗುಡಿ ಏನೂ ಇಲ್ಲದೆ ತಿರುಗುತ್ತಿದ್ದ ಕಾಲದಲ್ಲಿ ಅವರ ಆಸ್ತಿ ಮೈಮೇಲೆಯೇ ಇತ್ತು. ಪೇಟಿಯಾ (ಲಂಗ), ಕಾಂಚಳಿ (ಕುಪ್ಪಸ), ಕವಡೆ, ಕನ್ನಡಿ ಚೂರು, ಜೊತೆಗೆ ಒತ್ತೊತ್ತಾದ ಹೊಲಿಗೆ. ಹೊಲಿಗೆಗಳಿಗೆ ಕಿಲನ್, ವೇಲೆ, ಬಕ್ಯಾ, ಮಾಕಿ, ರೇಲೋ ಎಂದು ಅವರದೇ ಹೆಸರುಗಳು.

ಕರ್ನಾಟಕದ ಸಂಡೂರಿನಲ್ಲಿ ಈ ಕೆಲಸ ದೊಡ್ಡದಾಗಿ ಬೆಳೆದಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಅಲ್ಲಿನ ಹೆಂಗಸರು ಹೊಲಿದ 1755 ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು.

ನಮ್ಮ ಕಡೆಯ ಕಥೆ ಬೇರೆ. ಧರ್ಮಪುರಿ ಜಿಲ್ಲೆಯ ಸಿತ್ತಿಲಿಂಗಿ ಕಣಿವೆ ಗೊತ್ತಲ್ಲ? ಅಲ್ಲಿ ಲಂಬಾಡಿ ತಾಂಡಾಗಳಿವೆ. ಹಳೆಯ ಉಡುಪು ಬಿಟ್ಟು ಸೀರೆ ಉಡಲು ಶುರು ಮಾಡಿದ ಮೇಲೆ ಹೊಲಿಗೆಯೂ ನಿಂತಿತ್ತು. ಎರಡು ತಲೆಮಾರು ಸೂಜಿ ಹಿಡಿದಿರಲಿಲ್ಲ. 1993ರಿಂದ ಅಲ್ಲಿ ಆಸ್ಪತ್ರೆ ನಡೆಸುತ್ತಿರುವ ಟ್ರೈಬಲ್ ಹೆಲ್ತ್ ಇನಿಶಿಯೇಟಿವ್‌ನ ವೈದ್ಯೆ ಲಲಿತಾ ಅವರ ಒತ್ತಾಸೆಯಿಂದ 2006ರ ಸುಮಾರಿಗೆ ಅದು ಮತ್ತೆ ಶುರುವಾಯಿತು. ಹೇಗೆ? ವಯಸ್ಸಾದ ಒಬ್ಬಿಬ್ಬರು ಹೆಂಗಸರಿಗೆ ಹಳೆಯ ಹೊಲಿಗೆ ಇನ್ನೂ ನೆನಪಿತ್ತು. ಕಿರಿಯರು ಅವರ ಹತ್ತಿರ ಕೂತು ಕಲಿತರು. ಆ ಗುಂಪು ಇಟ್ಟುಕೊಂಡ ಹೆಸರು ಪೊರ್ಗೈ. ಲಂಬಾಡಿ ಮಾತಿನಲ್ಲಿ ಹಾಗೆಂದರೆ ಹೆಮ್ಮೆ. ಕೂಲಿಗೆ ದೂರದ ಊರಿಗೆ ಹೋಗುವ ಬದಲು ಊರಲ್ಲೇ ಕೂತು ದುಡಿಯುವ ದಾರಿ ಕೆಲವರಿಗಾದರೂ ಸಿಕ್ಕಿತು. ಕಣಿವೆಯ ರೈತರು ಸಾವಯವವಾಗಿ ಬೆಳೆದ ಹತ್ತಿಯೂ ಇದಕ್ಕೆ ಒದಗುತ್ತದೆ.

ನನ್ನ ಮಟ್ಟಿಗೆ ಈ ಚರಿತ್ರೆಯ ಸಾರ ಇಷ್ಟೇ. ಬರೆದಿಟ್ಟ ವಿದ್ಯೆ ನೂರು ವರ್ಷ ಮಲಗಿ ಮತ್ತೆ ಏಳಬಹುದು. ಕೈಯಲ್ಲಿರುವ ವಿದ್ಯೆಗೆ ಅಷ್ಟು ಸಮಯ ಇಲ್ಲ, ಬಲ್ಲವರ ಆಯಸ್ಸೇ ಅದರ ಆಯಸ್ಸು. ಸಿತ್ತಿಲಿಂಗಿಯಲ್ಲಿ ಇನ್ನು ಹತ್ತಿಪ್ಪತ್ತು ವರ್ಷ ತಡವಾಗಿದ್ದರೆ ಕೇಳಲು ಯಾರೂ ಇರುತ್ತಿರಲಿಲ್ಲವೇನೋ. ಮನೆಯಲ್ಲಿ ಮಾತ್ರ ಆಡುವ ಮಾತಿಗೂ ಇದೇ ಗತಿ. ಗಡಿಯ ಈಚೆ ಕನ್ನಡ ಕಲಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಗಂಭೀರವಾಗಿ ಹೇಳಿದರೂ ಇದು ಸಂತೋಷದ ಕೆಲಸ ಎಂಬುದನ್ನು ಮರೆಯಬಾರದು. ಖರ್ಚೂ ಕಡಿಮೆ. ಒಂದು ಗೇಣು ಮ್ಯಾಟಿ ಬಟ್ಟೆ, ಎರಡು ಲಡಿ ದಾರ, ಮೊನೆ ಮೊಂಡಾದ ಒಂದು ಸೂಜಿ, ಒಂದು ಗ್ರಾಫ್ ಪುಸ್ತಕ ಸಾಕು. ಮಗು ಚೌಕದಲ್ಲಿ ಮೊದಲು ತನ್ನ ಹೆಸರಿನ ಒಂದು ಅಕ್ಷರ ಬರೆಯಲಿ, ಆಮೇಲೆ ಚೌಕಕ್ಕೊಂದು ಮೆಂತೆಯಂತೆ ಹೊಲಿಯಲಿ. 'ಕ' ಬರೆಯಲು ಎಷ್ಟು ಮೆಂತೆ ಬೇಕು ಎಂದು ಎಣಿಸುವಾಗ ಲೆಕ್ಕವೂ ಬಂತು, ಅಕ್ಷರವೂ ಬಂತು. ಗಂಡು ಮಕ್ಕಳಿಗೂ ಕಲಿಸಿ, ಸೂಜಿಗೆ ಆ ಭೇದ ಗೊತ್ತಿಲ್ಲ.

ನಿಮ್ಮ ಅಜ್ಜಿಯ ಟ್ರಂಕಿನಲ್ಲಿ ಹಳೆಯ ಕುಪ್ಪಸ, ದಿಂಬಿನ ಗವಸು, ಕೌದಿ ಏನಾದರೂ ಇದ್ದರೆ ತೆಗೆದು ನೋಡಿ. ಹೊಲಿದವರು ಇನ್ನೂ ಇದ್ದರೆ ಹತ್ತಿರ ಕೂತು, ಎಷ್ಟು ಎಳೆ ಬಿಟ್ಟು ಎಷ್ಟು ಎಳೆ ಎತ್ತಿದರು ಎಂದು ಕೇಳಿ ಬರೆದುಕೊಳ್ಳಿ. ಆ ಕೆಲಸವನ್ನು ಮುಂದಿನ ರಜೆಗೆ ಮುಂದೂಡಬೇಡಿ.