ಓಟವನ್ನು ನಿಲ್ಲಿಸಿದವರು

ಚಿಕ್ಕಂದಿನಲ್ಲಿ ನಮ್ಮೂರ ಟೂರಿಂಗ್ ಟಾಕೀಸಿನಲ್ಲಿ ಒಮ್ಮೆ ಕುದುರೆ ಓಡುತ್ತಿದ್ದಾಗಲೇ ರೀಲು ಸಿಕ್ಕಿಕೊಂಡಿತು. ಕುದುರೆ ಒಂದು ಗಳಿಗೆ ಗಾಳಿಯಲ್ಲೇ ನಿಂತು, ದೀಪದ ಕಾವಿಗೆ ಕರಗಿಹೋಯಿತು. ಜನ ಶಿಳ್ಳೆ ಹಾಕಿದರು. ನನಗೆ ಮಾತ್ರ ಮೋಸಹೋದಂತಾಯಿತು. ಚಲಚ್ಚಿತ್ರವೆಂಬುದು ಚಲಿಸದ ಚಿತ್ರಗಳ ಸಾಲೇ?

ಹೌದು. ಅದರ ಮೂಲದಲ್ಲಿರುವುದೂ ಒಂದು ಕುದುರೆಯೇ. ಓಡುವ ಕುದುರೆಯ ನಾಲ್ಕೂ ಗೊರಸುಗಳು ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬುದು ಅಮೆರಿಕದ ಧನಿಕ ಲೇಲೆಂಡ್ ಸ್ಟ್ಯಾನ್‌ಫರ್ಡನ ಕುತೂಹಲ. ಬರಿಗಣ್ಣು ಉತ್ತರ ಹೇಳಲಾರದು. 1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್ ಓಟದ ಹಾದಿಯ ಪಕ್ಕ 12 ಕ್ಯಾಮೆರಾಗಳನ್ನು ಸಾಲಾಗಿಟ್ಟು, ಅಡ್ಡಲಾಗಿ ದಾರ ಕಟ್ಟಿದ. ಕುದುರೆ ದಾರ ಹರಿದಂತೆಲ್ಲ ಒಂದೊಂದು ಚಿತ್ರ ಮೂಡಿತು. ಗೊರಸುಗಳು ನೆಲ ಬಿಡುವುದು ನಿಜ. ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಕಾಲು ಚಾಚಿದಾಗಲ್ಲ, ಹೊಟ್ಟೆಯಡಿ ಮಡಿಸಿದಾಗ!

ಹೀಗೆ ತುಂಡಾದ ಓಟವನ್ನು ಮತ್ತೆ ಕೂಡಿಸಬೇಕಲ್ಲ? ಮೈಬ್ರಿಜ್ ಆ ಚಿತ್ರಗಳನ್ನು ಗಾಜಿನ ತಟ್ಟೆಯ ಅಂಚಿಗೆ ಬರೆಸಿ, ತಿರುಗಿಸಿ, ಪರದೆಯ ಮೇಲೆ ಓಡಿಸಿದ. ಫ್ರಾನ್ಸಿನ ಶರೀರಶಾಸ್ತ್ರಜ್ಞ ಎತಿಯೆನ್ ಜೂಲ್ ಮಾರೇ 1882ರಲ್ಲಿ ಕೋವಿಯಾಕಾರದ ಒಂದೇ ಕ್ಯಾಮೆರಾದಿಂದ ಸೆಕೆಂಡಿಗೆ 12 ಚಿತ್ರ ಹಿಡಿದ. 1895ರ ಡಿಸೆಂಬರ್ 28ರಂದು ಲ್ಯೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಟಿಕೆಟಿಟ್ಟು ಚಲಚ್ಚಿತ್ರ ತೋರಿಸಿದರು. 1896ರ ಜುಲೈ 7ರಂದು ಅವರ ಚಿತ್ರಗಳು ಮುಂಬಯಿಯಲ್ಲೂ ಓಡಿದವು.

ಚಲನೆಯನ್ನು ಕಾಣಬಯಸಿದವರು ಮೊದಲು ಅದನ್ನು ನಿಲ್ಲಿಸಬೇಕಾಯಿತು. ಅಂದು ರೀಲು ಸಿಕ್ಕಿಕೊಂಡಾಗ ನಾನು ಕಂಡದ್ದು ಮೋಸವಲ್ಲ, ಸಿನಿಮಾದ ಹುಟ್ಟು.