ಗಾತ್ರಮಿತಿ (ಚಿತ್ರಸಂಸ್ಕರಣ ಸರ್ವರ್)

ಚಿತ್ರಗಳನ್ನು ಕಿರಿದಾಗಿಸಿ, ಕತ್ತರಿಸಿ, ರೂಪಾಂತರಿಸಿ ಒದಗಿಸುವ ಸರ್ವರ್ ಎಷ್ಟು ದೊಡ್ಡ ಚಿತ್ರದವರೆಗೆ ಕಾರ್ಯವನ್ನು ವಹಿಸಿಕೊಳ್ಳತಕ್ಕದ್ದೆಂದು ಅದರ ನಿರ್ವಾಹಕನು ಮುಂಚಿತವಾಗಿ ವಿಧಿಸುವ ಎಲ್ಲೆಗೆ ಗಾತ್ರಮಿತಿಯೆಂದು ಹೆಸರು.

ಚಿತ್ರಕ್ಕೆ ಎರಡು ಗಾತ್ರಗಳುಂಟೆಂಬುದೇ ಈ ಮಿತಿಯ ಅವಶ್ಯಕತೆಗೆ ಮೂಲ: ಡಿಸ್ಕಿನಲ್ಲಿ ಸಂಕುಚಿತವಾಗಿರುವ ಕಡತದ್ದು ಒಂದು, ಸಂಸ್ಕರಣಕ್ಕಾಗಿ ಬಿಡಿಸಿದಾಗ ಅದು ಮೆಮೊರಿಯಲ್ಲಿ ಆಕ್ರಮಿಸುವುದು ಮತ್ತೊಂದು. ಅಗಲ ಎತ್ತರಗಳೆರಡರಲ್ಲಿಯೂ 10,000 ಪಿಕ್ಸೆಲ್‌ಗಳುಳ್ಳ ಏಕವರ್ಣದ ಪಿಎನ್‌ಜಿ ಚಿತ್ರವು ಕೆಲವು ನೂರು ಕಿಲೋಬೈಟುಗಳಲ್ಲಿ ಅಡಗಬಲ್ಲುದಾದರೂ, ಪಿಕ್ಸೆಲ್ ಒಂದಕ್ಕೆ 4 ಬೈಟಿನಂತೆ ಬಿಡಿಸಿದೊಡನೆ 40 ಕೋಟಿ ಬೈಟುಗಳನ್ನು ಬೇಡುತ್ತದೆ. ದುರುದ್ದೇಶದಿಂದ ರಚಿಸಿದ ಇಂಥ ಕಡತವನ್ನು ಡಿಕಂಪ್ರೆಶನ್ ಬಾಂಬ್ ಎನ್ನುವರು. ಆದುದರಿಂದ ಬೈಟುಗಳನ್ನು ಮಾತ್ರ ಅಳೆಯುವ ಅಪ್‌ಲೋಡ್ ಮಿತಿಯು ಸಾಲದು; ಕಡತದ ಶಿರೋಭಾಗದಲ್ಲಿ ನಮೂದಾಗಿರುವ ಅಗಲ ಎತ್ತರಗಳನ್ನು ಓದಿ, ಬಿಡಿಸುವುದಕ್ಕೆ ಮೊದಲೇ ತೀರ್ಮಾನಿಸುವುದು ಶ್ರೇಯಸ್ಕರ.

ಪೈಥಾನ್ ಭಾಷೆಯ ಪಿಲ್ಲೊ ಗ್ರಂಥಾಲಯವು 8,94,78,485 ಪಿಕ್ಸೆಲ್‌ಗಳನ್ನು ಮೀರಿದ ಚಿತ್ರಕ್ಕೆ ಎಚ್ಚರಿಕೆಯನ್ನಿತ್ತು, ಅದರ ಇಮ್ಮಡಿಯನ್ನು ಮೀರಿದುದನ್ನು ನಿರಾಕರಿಸುತ್ತದೆ. ಕಾಲು ಗಿಗಾಬೈಟನ್ನು ಪಿಕ್ಸೆಲ್ ಒಂದಕ್ಕೆ 3 ಬೈಟಿನಂತೆ ಭಾಗಿಸಿದಾಗ ದೊರೆಯುವ ಸಂಖ್ಯೆಯಿದು. ಇಮೇಜ್‌ಮ್ಯಾಜಿಕ್ ತಂತ್ರಾಂಶದಲ್ಲಾದರೋ ಪಾಲಿಸಿ ಕಡತದೊಳಗೆ ಅಗಲ, ಎತ್ತರ, ವಿಸ್ತೀರ್ಣ, ಮೆಮೊರಿ, ಡಿಸ್ಕ್ ಎಂಬಿವಕ್ಕೆ ಬೇರೆ ಬೇರೆ ಮಿತಿಗಳನ್ನು ನಿಯಮಿಸಬಹುದು. ಇವುಗಳ ಫಲ ಏಕರೂಪವಲ್ಲ: ಅಗಲ ಎತ್ತರಗಳ ಎಲ್ಲೆ ಮೀರಿದ ಚಿತ್ರವು ತಿರಸ್ಕೃತವಾಗುವುದು, ವಿಸ್ತೀರ್ಣದ ಎಲ್ಲೆ ಮೀರಿದುದು ಮೆಮೊರಿಯನ್ನು ಬಿಟ್ಟು ಡಿಸ್ಕನ್ನು ಆಶ್ರಯಿಸಿ, ನಿಧಾನವಾಗಿಯಾದರೂ ಸಂಸ್ಕಾರ ಹೊಂದುವುದು.

ಮೂಲಚಿತ್ರಕ್ಕೆ ಎಲ್ಲೆಯಿರುವಂತೆ ಕೊಡುವ ಫಲಿತಚಿತ್ರಕ್ಕೂ ಎಲ್ಲೆಯುಂಟು. ಹಸ್ತಪ್ರತಿ, ಭೂಪಟಗಳನ್ನು ಜಾಲದಲ್ಲಿ ತೋರಿಸಲು ಗ್ರಂಥಾಲಯಗಳೂ ವಸ್ತುಸಂಗ್ರಹಾಲಯಗಳೂ ಅನುಸರಿಸುವ ಐಐಐಎಫ್ ಪದ್ಧತಿಯ ಚಿತ್ರವಿಭಾಗದ 2016ರ 2.1ನೆಯ ಆವೃತ್ತಿಯಲ್ಲಿ, ತಾನು ಕೊಡಬಲ್ಲ ಗರಿಷ್ಠ ಅಗಲ, ಎತ್ತರ, ವಿಸ್ತೀರ್ಣಗಳನ್ನು ಸರ್ವರ್ ತಾನಾಗಿ ಪ್ರಕಟಿಸುವ ಅವಕಾಶವನ್ನು ಕಲ್ಪಿಸಲಾಯಿತು. ಎಲ್ಲೆಯನ್ನು ಮೊದಲೇ ಅರಿತ ಗ್ರಾಹಕ ತಂತ್ರಾಂಶವು ದೊಡ್ಡ ಪಟವನ್ನು ತುಂಡುತುಂಡಾಗಿ ತರಿಸಿಕೊಂಡು ಜೋಡಿಸಿಕೊಳ್ಳುವುದರಿಂದ ಓದುಗನಿಗೆ ಏನೊಂದೂ ನಷ್ಟವಾಗದು.

ಮಿತಿ ಸಡಿಲವಾದರೆ ಸರ್ವರಿಗೆ ಅಪಾಯ. ಅತಿ ಬಿಗಿಯಾದರೆ ತಾಳೆಗರಿಯ ಸೂಕ್ಷ್ಮ ಪ್ರತಿಬಿಂಬವನ್ನು ಶ್ರದ್ಧೆಯಿಂದ ಕಳುಹಿಸಿದವನಿಗೆ ಅನ್ಯಾಯ. ಆದಕಾರಣ ಅದನ್ನು ಊಹೆಯಿಂದಲ್ಲದೆ ಗಣಿತದಿಂದ ನಿರ್ಣಯಿಸತಕ್ಕದ್ದು: ಲಭ್ಯ ಮೆಮೊರಿಯನ್ನು ಏಕಕಾಲದಲ್ಲಿ ನಡೆಯುವ ಕಾರ್ಯಗಳ ಸಂಖ್ಯೆಯಿಂದಲೂ, ಬಂದ ಭಾಗಲಬ್ಧವನ್ನು ಪಿಕ್ಸೆಲ್ ಒಂದರ ಬೈಟುಗಳಿಂದಲೂ ಭಾಗಿಸಿ, ಸಂಸ್ಕರಣದ ನಡುವೆ ಹುಟ್ಟುವ ಪ್ರತಿಗಳಿಗೂ ಸ್ಥಳವನ್ನು ಉಳಿಸಿದರೆ ಯುಕ್ತವಾದ ಮಿತಿ ದೊರೆಯುವುದು.